ಹಕ್ಕಿ ಚಿತ್ರಕ್ಕೂ ಒಂದು ರಿಜಿಸ್ಟರ್ ಬೇಕು

ಪ್ರತಿಯೊಂದು ಧರ್ಮಕೇಂದ್ರದ ಕಚೇರಿಯಲ್ಲೂ ಜ್ಞಾನಸ್ನಾನದ ರಿಜಿಸ್ಟರ್ ಇರುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಜ್ಞಾನ ತಂದೆತಾಯಿ, ಊರು, ಕೊನೆಗೆ ಗುರುವಿನ ಸಹಿ. ಎಂದೋ ತೀರಿಹೋದ ಗುರುವೊಬ್ಬರು ಬರೆದಿಟ್ಟ ಒಂದು ಸಾಲು ಇಂದು ಅವರು ಕಾಣದ ಮೊಮ್ಮಗನ ಮದುವೆಗೆ ಬೇಕಾಗುತ್ತದೆ. ಹಳೆಯ ರಿಜಿಸ್ಟರುಗಳನ್ನು ಜಾಗ್ರತೆಯಿಂದ ಕಾಪಾಡಬೇಕೆಂದು ಧರ್ಮಸಭೆಯ ಕಾನೂನಿನ 535ನೆಯ ವಿಧಿ ಹೇಳುತ್ತದೆ. ಈ ಮಾತಿಗೂ ಹಕ್ಕಿಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ.

ನಮ್ಮ ಕಡೆಯಿಂದ ಬನಿಯನ್ ಕಾರ್ಖಾನೆಯ ಕೆಲಸಕ್ಕೆಂದು ತಿರುಪ್ಪೂರಿಗೆ ಹೋಗಿ ಅಲ್ಲೇ ನೆಲೆಸಿದ ಒಂದು ಕುಟುಂಬವಿದೆ. ಮನೆಯ ಯಜಮಾನರು ಭಾನುವಾರ ಪೂಜೆ ಮುಗಿಸಿ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಒಂದು ವಾರ ಊರಿನ ಉತ್ತರಕ್ಕಿರುವ ನಂಜರಾಯನ್ ಕೆರೆ, ಇನ್ನೊಂದು ವಾರ ಕೊಯಮತ್ತೂರಿನ ಸಿಂಗಾನಲ್ಲೂರು ಕೆರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಳಿಗಾಲಕ್ಕೆ ಉತ್ತರದಿಂದ ಬರುವ ಸೂಜಿಬಾಲದ ಬಾತು, ಎಲ್ಲವನ್ನೂ ತೆಗೆದಿದ್ದರು. ಅವರು ತೀರಿಕೊಂಡ ಮೇಲೆ ನಾವು ಆ ಮನೆಗೆ ಹೋದಾಗ ಅವರ ಪತ್ನಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು. ಅದರಲ್ಲಿ ಸಿ.ಡಿ.ಗಳು, ಎರಡು ಮೆಮೊರಿ ಕಾರ್ಡು, ಒಂದು ಹಾರ್ಡ್ ಡಿಸ್ಕ್.

"ಫಾದರ್, ಇದರಲ್ಲಿ ಅವರ ಇಪ್ಪತ್ತು ವರ್ಷ ಇದೆ. ಇದನ್ನ ಏನು ಮಾಡೋದು ಅಂತ ನಮಗೆ ಗೊತ್ತಾಗ್ತಿಲ್ಲ" ಎಂದರು.

ಮಗ ಕಂಪ್ಯೂಟರಿಗೆ ಜೋಡಿಸಿದ. ಸಾವಿರಾರು ಚಿತ್ರಗಳು, ಒಂದಕ್ಕೂ ಹೆಸರಿಲ್ಲ, ಕ್ಯಾಮೆರಾ ಕೊಟ್ಟ ನಂಬರ್ ಮಾತ್ರ. ಕೆಲವು ಸಿ.ಡಿ.ಗಳು ತೆರೆಯಲೇ ಇಲ್ಲ. ಇನ್ನೂ ಒಂದು ತೊಡಕು: ಬ್ಯಾಟರಿ ತೆಗೆದು ಹಾಕಿದಾಗ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗಿ, ಒಂದಷ್ಟು ಚಿತ್ರಗಳ ಮೇಲೆ ತಪ್ಪು ತಾರೀಕು ಬಿದ್ದಿತ್ತು. ಆಗ ಆ ತಾಯಿ ಕಪಾಟಿನಿಂದ ಜೇಬಿನ ಡೈರಿಗಳನ್ನು ತಂದರು. ಯಾವ ಭಾನುವಾರ, ಯಾವ ಕೆರೆ, ಯಾವ ಹಕ್ಕಿ, ಬಸ್ಸಿಗೆ ಎಷ್ಟು ಎಂದು ಅವರು ಬರೆದಿಟ್ಟಿದ್ದರು. ಆ ಡೈರಿಯೇ ಆ ಚಿತ್ರಗಳ ರಿಜಿಸ್ಟರ್ ಆಯಿತು.

ಮಗ ಪಾಳಿ ಮುಗಿಸಿ ಬಂದು ದಿನವೂ ಒಂದು ಗಂಟೆ ಕೂತ. ಒಂದೊಂದು ವರ್ಷಕ್ಕೆ ಒಂದು ಫೋಲ್ಡರ್, ಅದರೊಳಗೆ ತಾರೀಕು ಮತ್ತು ಕೆರೆಯ ಹೆಸರು. ಒಂದೇ ಹಕ್ಕಿಯ ಮೂವತ್ತು ಚಿತ್ರವಿದ್ದರೆ ಒಳ್ಳೆಯ ಮೂರನ್ನು ಇಟ್ಟುಕೊಂಡ. ಆದರೆ ಅಪರೂಪದ ಹಕ್ಕಿಯ ಚಿತ್ರ ಮಸುಕಾಗಿದ್ದರೂ ಅಳಿಸಲಿಲ್ಲ. ಡೈರಿಯಲ್ಲಿ ಸಿಗದವನ್ನು 'ಊರು ತಿಳಿಯದು' ಎಂಬ ಫೋಲ್ಡರಿಗೆ ಹಾಕಿದ. "ಇದೂ ಸಿಂಗಾನಲ್ಲೂರೇ ಇರಬೇಕು, ಬರೆದುಬಿಡಲಾ ಫಾದರ್?" ಎಂದು ಕೇಳಿದ. ಬೇಡ ಎಂದೆವು. ಊಹೆಯಿಂದ ಬರೆದ ಒಂದು ಸಾಲು ನಿಜವಾದ ನೂರು ಸಾಲುಗಳ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ತಿರುಪ್ಪೂರು 2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ಕೊಳ್ಳೇಗಾಲವೂ 1956ರವರೆಗೆ ಅದೇ ಜಿಲ್ಲೆಯದು. ಗಡಿಗಳು ಬದಲಾಗುತ್ತವೆ. ಜಿಲ್ಲೆಯನ್ನಷ್ಟೇ ಬರೆದರೆ ಸಾಲದು, ಕೆರೆಯ ಹೆಸರನ್ನೇ ಬರೆಯಬೇಕು.

ಇಷ್ಟೊಂದು ಶ್ರಮ ಯಾಕೆ? ನೊಯ್ಯಲ್ ನದಿಯ ಕಥೆ ಕೇಳಿ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರಿನಿಂದ ಆ ನದಿ ಎಷ್ಟು ಕೆಟ್ಟಿತೆಂದರೆ, 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಘಟಕಗಳನ್ನು ಮುಚ್ಚಿಸುವ ಆದೇಶ ನೀಡಿತು. ಅದೇ ಸೀಮೆಯ ನಂಜರಾಯನ್ ಕೆರೆಗೆ ಹಕ್ಕಿಗಳು ಬರುತ್ತಲೇ ಇದ್ದವು. ಕೆರೆ 2022ರಲ್ಲಿ ಪಕ್ಷಿಧಾಮವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸಿಂಗಾನಲ್ಲೂರು ಕೆರೆಯನ್ನು 2017ರಲ್ಲಿ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಘೋಷಿಸಲಾಯಿತು. ಒಂದು ಕೆರೆಯನ್ನು ಉಳಿಸಬೇಕಾದರೆ ಅಲ್ಲಿ ಯಾವ ಹಕ್ಕಿ, ಯಾವ ತಿಂಗಳು, ಎಷ್ಟು ಬರುತ್ತಿತ್ತೆಂದು ಯಾರಾದರೂ ಹೇಳಬೇಕು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದದ್ದು 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಬರೆದ ಸುಮಾರು 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂತಹ ಸಾಮಾನ್ಯರೇ. ತಾರೀಕು, ಸ್ಥಳ ಇಲ್ಲದ ಚಿತ್ರ ಅಂದವಾಗಿರಬಹುದು, ಸಾಕ್ಷಿ ಹೇಳಲಾರದು.

ಈ ಶಿಸ್ತು ಧರ್ಮಸಭೆಗೆ ಹೊಸದಲ್ಲ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು ಫಾದರ್ ಸೆಸಿಲ್ ಸಲ್ಡಾನ ಹಾಸನ ಜಿಲ್ಲೆಯ ಗಿಡಮರಗಳ ಬಗ್ಗೆ ಡಾನ್ ನಿಕೋಲ್ಸನ್‌ರ ಜೊತೆ ಸಿದ್ಧಪಡಿಸಿದ ದೊಡ್ಡ ಗ್ರಂಥ 1976ರಲ್ಲಿ ಹೊರಬಂತು. ಒಣಗಿಸಿಟ್ಟ ಎಲೆಯ ಜೊತೆ ಸಿಕ್ಕ ಜಾಗ, ದಿನ, ತಂದವರ ಹೆಸರು ಇರುವ ಚೀಟಿ ಅಂಟಿಸುವುದು ಸಸ್ಯಶಾಸ್ತ್ರಜ್ಞರ ಪದ್ಧತಿ. ಚೀಟಿ ಇಲ್ಲದಿದ್ದರೆ ಅದು ಬರೀ ಒಣಗಿದ ಎಲೆ.

ಇನ್ನು ಕಾಪಾಡುವ ಮಾತು. ಬಲ್ಲವರು ಹೇಳುವ ಸುಲಭ ಲೆಕ್ಕ ಮೂರು, ಎರಡು, ಒಂದು. ಚಿತ್ರಗಳ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ ಇರಲಿ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಿ, ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸಿ. ಹಳೆಯ ಫಿಲ್ಮು, ಸ್ಲೈಡುಗಳಿಗೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಇಂಟರ್ನೆಟ್ಟಿನಲ್ಲಿ ಇಟ್ಟಿದ್ದೇವೆ ಎಂದು ನಿಶ್ಚಿಂತರಾಗಬೇಡಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಆದ್ದರಿಂದ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ತೆಗೆದವರು ತೀರಿಕೊಂಡ ಮೇಲೂ ಚಿತ್ರದ ಹಕ್ಕುಸ್ವಾಮ್ಯ 60 ವರ್ಷ ಇರುತ್ತದೆ. ಅದು ಯಾರಿಗೆ ಸೇರಬೇಕೆಂದು ಒಂದು ಕಾಗದದಲ್ಲಿ ಬರೆದಿಡುವುದು ಒಳ್ಳೆಯದು.

ದಿನ, ಸ್ಥಳ ಗೊತ್ತಿರುವ ಚಿತ್ರಗಳನ್ನು ಇ-ಬರ್ಡ್ ಎಂಬ ತಾಣಕ್ಕೆ ಹಣ ಕೊಡದೆ ಸೇರಿಸಬಹುದು, ಹಳೆಯ ತಾರೀಕಿನವನ್ನೂ ಸೇರಿಸಬಹುದು. ಅವು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಸಂಗ್ರಹಾಲಯದಲ್ಲಿ ಉಳಿಯುತ್ತವೆ. ತೆಗೆದವರ ಹೆಸರನ್ನು ಮಾತ್ರ ಮರೆಯದೆ ಬರೆಯಬೇಕು.

ಆ ತಾಯಿಗೆ ಈಗ ಹಕ್ಕಿಗಳ ಹೆಸರು ಬರುತ್ತದೆ. "ಭಾನುವಾರ ಮನೇಲಿ ಇರಲ್ಲ ಅಂತ ಎಷ್ಟು ಜಗಳ ಆಡಿದ್ದೆ ಫಾದರ್. ಎಲ್ಲಿ ಹೋಗಿದ್ರು ಅಂತ ಈಗ ನೋಡ್ತಾ ಇದೀನಿ" ಎಂದರು. ನಾವು ಏನೂ ಹೇಳಲಿಲ್ಲ.

ಗುಬ್ಬಚ್ಚಿಯೊಂದನ್ನೂ ದೇವರು ಮರೆಯುವುದಿಲ್ಲವೆಂದು ಯೇಸುಸ್ವಾಮಿ ಕಲಿಸಿದರು. ನಾವು ಮನುಷ್ಯರು ಮರೆಯುತ್ತೇವೆ, ಅದಕ್ಕಾಗಿಯೇ ಬರೆದಿಡಬೇಕು. ಮುಂದಿನ ಪೀಳಿಗೆ ಕಾಣದೆಯೇ ಅಳಿದುಹೋಗುವ ಜೀವಿಗಳ ಬಗ್ಗೆ ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೋವಿನಿಂದ ಬರೆದಿದ್ದಾರೆ. ಪ್ರಿಯ ಕುಟುಂಬಗಳೇ, ನಿಮ್ಮ ಮನೆಯಲ್ಲೂ ಹಕ್ಕಿಯದೋ, ಹಬ್ಬದ್ದೋ, ಹಿರಿಯರದೋ ಹಳೆಯ ಚಿತ್ರಗಳಿರಬಹುದು. ಬರುವ ಭಾನುವಾರ ಸಂಜೆ ಜಪಸರ ಮುಗಿದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಅಜ್ಜ ಅಜ್ಜಿಯನ್ನು ಕೇಳಿ: ಇದು ಯಾರು, ಯಾವ ಊರು, ಯಾವ ವರ್ಷ? ಅವರು ಹೇಳಿದ್ದನ್ನು ಅಂದೇ ಬರೆದುಕೊಳ್ಳಿ. ದೇವರು ನಿಮ್ಮನ್ನು ಆಶೀರ್ವದಿಸಲಿ.