ಗೋಡೆಯ ನಾಡಿ

ಮನುಷ್ಯನಿಗೆ ಕಾಯಿಲೆಯಾದರೆ ವೈದ್ಯರನ್ನು ಕರೆಯುತ್ತೇವೆ. ಮನೆಗಾದರೆ ಸುಣ್ಣ ಬಳಿದು ಮುಚ್ಚುತ್ತೇವೆ! ನಮ್ಮ ಅಜ್ಜನ ಕಾಲದ ಮನೆಯ ಗೋಡೆ ಬಿರಿದಾಗ, ಕೆಡವಿಬಿಡುವುದೇ ಲೇಸೆಂದರು ಚಿಕ್ಕಪ್ಪ. ಅಜ್ಜಿ ಮಾತಾಡಲಿಲ್ಲ.

ಕರೆಸಿದ ಮುದುಕ ಮೇಸ್ತ್ರಿ ಗೋಡೆಯನ್ನು ಬಿಟ್ಟು ಮೊದಲು ಸೂರನ್ನು ನೋಡಿದರು. ಸೂರಿನ ನೀರೆಲ್ಲ ತಳಪಾಯಕ್ಕೇ ಇಳಿಯುತ್ತಿತ್ತು. ಅದಕ್ಕೆ ಬೇರೆ ದಾರಿ ಮಾಡಿಸಿ, ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆದರು. “ಒಂದು ಮಳೆಗಾಲ ತಾಳಿ, ಸ್ವಾಮಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆಯೆಂದು ತಿಳಿಯಿರಿ.”

ದೀಪಾವಳಿಗೆ ಗಾಜು ಇಡಿಯಾಗಿಯೇ ಇತ್ತು. ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿದರು; ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದಂತೆ. ಅಜ್ಜಿ ಆ ಗೋಡೆಯ ಗೂಡಿನಲ್ಲೇ ಹಣತೆಯಿಟ್ಟರು.

ಬಿರುಕು ರೋಗವಲ್ಲ, ರೋಗದ ಲಕ್ಷಣ. ಕಾರಣವರಿಯದೆ ಮುಚ್ಚುವುದೂ ಕೆಡಹುವುದೂ ಒಂದೇ ಬಗೆಯ ಅವಸರವಲ್ಲವೆ, ಗೆಳೆಯರೇ?