ಕೋಥರೂಡದ ಬೇಸ್‌ಮೆಂಟಿನಿಂದ ಗದಗಿಗೆ ಒಂದು ಕಾರು

ಕೋಥರೂಡದ ಯಾವುದೇ ಹಳೆಯ ಸೊಸಾಯಟಿಯ ಪಾರ್ಕಿಂಗಿಗೆ ಇಳಿದು ನೋಡಿ. ಬೂದು ಬಣ್ಣದ ಕವರ್ ಹೊದ್ದು ಮಲಗಿರುವ ಕಾರು ಎರಡು ಮೂರಾದರೂ ಸಿಗುತ್ತವೆ. ಡಹಾಣೂಕರ್ ಕಾಲನಿ, ಮಯೂರ್ ಕಾಲನಿ, ಪೌಡ್ ರಸ್ತೆಯ ಒಳಗಲ್ಲಿಗಳು, ಎಲ್ಲ ಕಡೆ ಇದೇ ಕಥೆ. ಮಾಲೀಕರು ಎಪ್ಪತ್ತು ದಾಟಿದವರು, ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವವರು. ಮದುವೆ ಮುಂಜಿ ಇದ್ದರೆ ಕಾರು ಹೊರಗೆ ಬರುತ್ತದೆ. ವನಾಜ್‌ನಿಂದ ಮೆಟ್ರೋ ಓಡತೊಡಗಿದ ಮೇಲೆ ಅದೂ ಕಡಿಮೆ.

ಊರಿನವರಿಗೆ ಈ ಕಾರುಗಳ ಮೇಲೆ ಕಣ್ಣು. ಪುಣೆಯಲ್ಲಿರುವ ನಮ್ಮಂಥ ಧಾರವಾಡ, ಗದಗ, ಬಾಗಲಕೋಟೆಯ ಕಡೆಯವರಿಗೆ ವರ್ಷಕ್ಕೊಂದಾದರೂ ಫೋನು ಬರುತ್ತದೆ: "ಅಲ್ಲೇ ಒಂದು ಚಲೋ ಗಾಡಿ ಇದ್ರ ನೋಡಪಾ." ಇದರ ಹಿಂದೆ ಒಂದು ಲೆಕ್ಕವೂ ಇದೆ. ಮುಂಬಯಿ, ಗೋವಾದ ಗಾಡಿಗೆ ಸಮುದ್ರದ ಗಾಳಿಯಿಂದ ತುಕ್ಕು ಬೇಗ. ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, ಅಲ್ಲಿಯ ಕಾರುಗಳು ಅಗ್ಗಕ್ಕೆ ದೇಶದ ತುಂಬ ಹರಿದುಹೋದವು. ಆದರೆ ಅವುಗಳ ಪೂರ್ವಾಪರ ಹೇಳುವವರು ಯಾರು? ಪುಣೆಯದು ಒಣ ಹವೆ, ಮಾಲೀಕ ಎದುರಿಗೇ ಕೂತಿರುತ್ತಾನೆ, ಹೆದ್ದಾರಿ ಹಿಡಿದರೆ ನೇರ ಹುಬ್ಬಳ್ಳಿ.

ಈ ಸಲ ಫೋನು ಮಾಡಿದ್ದು ಗದಗಿನಿಂದ ಅಕ್ಕ. ಅವಳ ಅತ್ತೆಯವರನ್ನು ವಾರಕ್ಕೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕು, ಹೋಗಿ ಬರಲು 120 ಕಿ.ಮೀ. ಬಾಡಿಗೆ ಕಾರಿಗೆ ಪ್ರತಿ ಸಲ 2,500 ರೂಪಾಯಿ. ಮಾಮಾ ಕೂಡಿಟ್ಟದ್ದು ಐದೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. "ನೀ ನೋಡಿದ್ರ ನಾವ ನೋಡಿದಂಗ" ಅಂದರು. ಇಂಥ ಮಾತು ಕೇಳಿದ ಮೇಲೆ ನಿದ್ದೆ ಬರುವುದು ಕಷ್ಟ.

ಸಿಕ್ಕಿದ್ದು ನಮ್ಮ ಪಕ್ಕದ ಸೊಸಾಯಟಿಯ ಕಾಕಾ-ಕಾಕೂ ಅವರ 2018ರ ಪೆಟ್ರೋಲ್ ಬಲೆನೊ. ಓಡಿದ್ದು 31 ಸಾವಿರ ಕಿ.ಮೀ. ಮೀಟರನ್ನು ಯಾರೂ ನಂಬಬಾರದು, ಅದನ್ನು ತಿರುಗಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮೊದಲು ನೋಡಿದ್ದು ಟೈರು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ, ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಇಲ್ಲಿ ನಾಲ್ಕಕ್ಕೂ 2318, ಅಂದರೆ 2018ರ 23ನೇ ವಾರ ತಯಾರಾದವು. ಕಾರಿನ ಜೊತೆ ಬಂದ ಟೈರು ಇನ್ನೂ ಸವೆಯದೆ ಉಳಿದಿದ್ದರೆ ಮೀಟರು ಸುಳ್ಳು ಹೇಳುತ್ತಿಲ್ಲ ಎಂದು ಅರ್ಥ. ಸರ್ವಿಸ್ ಸೆಂಟರಿನ ದಾಖಲೆಯೂ ತಾಳೆಯಾಯಿತು. ಆದರೆ ನಿಂತ ಕಾರಿಗೆ ಅದರದೇ ರೋಗಗಳು: ಏಳು ವರ್ಷದ ಟೈರು ಸವೆಯದಿದ್ದರೂ ಗಟ್ಟಿಯಾಗಿ ಸೀಳು ಬಿಟ್ಟಿತ್ತು, ಬ್ಯಾಟರಿ ಸತ್ತಿತ್ತು. ಇಲಿ ವಯರು ಕಡಿದಿರಲಿಲ್ಲ, ಅದೊಂದು ಪುಣ್ಯ. ಟೈರಿನ ಖರ್ಚು ಲೆಕ್ಕ ಹಾಕಿ 4,40,000ಕ್ಕೆ ಮಾತಾಯಿತು.

ಒಂದು ಭಾನುವಾರ ಕಾರನ್ನು ವೇತಾಳ ಗುಡ್ಡದ ಕಡೆ ಏರಿಸಿ ನೋಡಿದೆ. ಆ ಗುಡ್ಡದ ಮೇಲೇ ಎಆರ್‌ಎಐ ಇದೆ, 1966ರಲ್ಲಿ ಸ್ಥಾಪನೆಯಾದ ವಾಹನ ಸಂಶೋಧನಾ ಸಂಸ್ಥೆ. ಜಾಹೀರಾತಿನಲ್ಲಿ ಲೀಟರಿಗೆ ಇಷ್ಟು ಕಿ.ಮೀ. ಎಂದು ಬರೆಯುವಾಗ ಕಂಪನಿಗಳು ಯಾವ ಹೆಸರು ಹೇಳುತ್ತವೋ ಅದೇ. ಬೆಳಿಗ್ಗೆ ವಾಕಿಂಗ್ ಬರುವ ಅರ್ಧ ಕೋಥರೂಡಕ್ಕೆ ಅದು ಬರೀ 'ಎಆರ್‌ಎಐ ಟೇಕಡಿ'. ಏರಿನಲ್ಲಿ ಕ್ಲಚ್ ಜಾರಲಿಲ್ಲ. ನನಗೆ ಅಷ್ಟು ಸಾಕಿತ್ತು.

ಕಾರು ಸರಿಯಿತ್ತು, ಕಾಗದ ಸರಿಯಿರಲಿಲ್ಲ. ಸಾಲ ತೀರಿ ಮೂರು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕು ಕೊಟ್ಟಿದ್ದ ಪತ್ರದ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹೊಸ ಪತ್ರ, ಅದರ ಜೊತೆ ಫಾರ್ಮ್ 35, ಆಮೇಲೆ ಸಂಗಮ್ ಸೇತುವೆಯ ಬಳಿಯ ಆರ್‌ಟಿಓ. ಬ್ಯಾಂಕಿನ ಹೆಸರು ಹೋದ ಮೇಲೆಯೇ ಎನ್‌ಓಸಿಗೆ ಅರ್ಜಿ: ಫಾರ್ಮ್ 28, ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಬಾಕಿ ದಂಡವೇನೂ ಇಲ್ಲವೆಂಬ ಖಾತ್ರಿ. ಮೊಣಕಾಲು ನೋವಿನ ಕಾಕಾ ಬ್ಯಾಂಕಿನ ಮೆಟ್ಟಿಲನ್ನು ನಾಲ್ಕು ಸಲ ಹತ್ತಿದರು. ಹೀಗೆ ಮೂರು ವಾರ ಹೋಯಿತು. ಅತ್ತ ಅಕ್ಕನ ಬಾಡಿಗೆಯ ಮೀಟರು ಓಡುತ್ತಲೇ ಇತ್ತು.

ಒಂದು ಸಂಜೆ ಕಾಕಾ ಬೇಸತ್ತು, "ನೀವು ಗಾಡಿ ಕಳಿಸಿಬಿಡಿ, ಕಾಗದ ಹಿಂದಿನಿಂದ ಬರುತ್ತೆ" ಎಂದರು. ಮಾಮಾ ಕೂಡ ಫೋನಿನಲ್ಲಿ, "ಹನ್ನೆರಡು ತಿಂಗಳು ಟೈಮ್ ಐತಂತಲ್ಲ" ಅಂದರು. ಆ 12 ತಿಂಗಳು ತನ್ನದೇ ಗಾಡಿಯನ್ನು ಬೇರೆ ರಾಜ್ಯದಲ್ಲಿ ಇಟ್ಟುಕೊಳ್ಳುವವನಿಗೆ. ಕೊಂಡವನು ಹೆಸರು ಬದಲಾವಣೆಗೆ 30 ದಿನದೊಳಗೆ ತಿಳಿಸಬೇಕು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಇದು: ಗಾಡಿ ಯಾರ ಕೈಗೆ ಹೋಗಿದ್ದರೂ, ಅಪಘಾತವಾದರೆ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕನದೇ. ಗದಗ-ಹುಬ್ಬಳ್ಳಿ ರಸ್ತೆಯಲ್ಲಿ ಏನಾದರೂ ಆಗಿ ಈ ವಯಸ್ಸಿನಲ್ಲಿ ಕಾಕಾ ಕೋರ್ಟಿಗೆ ಅಲೆಯುವುದು ಬೇಡ ಎಂದೆ. ಮಾಮಾಗೆ ಸಿಟ್ಟು ಬಂತು. ಎರಡು ದಿನ ಫೋನು ಮಾಡಲಿಲ್ಲ.

ಎನ್‌ಓಸಿ ಕೈಗೆ ಬಂದ ಮೇಲೆ ಸಾಗಾಟ. ನಾನೇ ಓಡಿಸಿಕೊಂಡು ಹೋಗಬಹುದಿತ್ತು, ಪೆಟ್ರೋಲು ಮೂರು ಸಾವಿರದೊಳಗೆ ಮುಗಿಯುತ್ತಿತ್ತು. ಆದರೆ ಆಫೀಸಿನಲ್ಲಿ ರಿಲೀಸ್ ವಾರ, ರಜೆ ಇರಲಿಲ್ಲ. ಚಾಕಣದ ಕಡೆಯಿಂದ ದಕ್ಷಿಣಕ್ಕೆ ಹೋಗುವ ಕಾರು ಟ್ರೇಲರುಗಳಲ್ಲಿ ಒಂದು ಜಾಗ ಖಾಲಿಯಿದ್ದರೆ ಹಳೆಯ ಕಾರನ್ನೂ ಹತ್ತಿಸಿಕೊಳ್ಳುತ್ತಾರೆ. ಹುಬ್ಬಳ್ಳಿವರೆಗೆ 11 ಸಾವಿರ. ಅಷ್ಟುದ್ದದ ಟ್ರೇಲರು ಕೋಥರೂಡದ ಗಲ್ಲಿಗೆ ಬರುವುದಿಲ್ಲ. ಚಾಂದನಿ ಚೌಕದ ಹೊಸ ಸೇತುವೆಗಳ ಜಾಲ ದಾಟಿ, ಹೆದ್ದಾರಿ ಬದಿಗೆ ನಾವೇ ಕಾರು ಒಯ್ದು ಕೊಡಬೇಕು. ಟ್ಯಾಂಕಿನಲ್ಲಿ ನಾಲ್ಕೈದು ಲೀಟರಿಗಿಂತ ಹೆಚ್ಚು ಇರಬಾರದು. ಒಳಗೆ ಸಾಮಾನು ಇಡಬಾರದು, ಇಟ್ಟರೆ ಅದಕ್ಕೆ ವಿಮೆ ಇಲ್ಲ. (ಅಕ್ಕ ಹೇಳಿದ್ದ ಬಾಕರವಡಿ ಪೊಟ್ಟಣಗಳು ಕೊರಿಯರ್ ಹಿಡಿದವು.) ಮೈಮೇಲಿನ ಪ್ರತಿ ಗೀರನ್ನೂ, ಮೀಟರಿನ ಅಂಕಿಯನ್ನೂ ರಸೀದಿಯಲ್ಲಿ ಬರೆಸಿ ಫೋಟೋ ತೆಗೆದುಕೊಂಡೆ.

ಇನ್ನೊಂದು ಸಣ್ಣ ವಿಷಯವನ್ನು ಟ್ರೇಲರಿನ ಚಾಲಕನೇ ಹೇಳಿದ: ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತುಬಿಡಿ. ಇಲ್ಲದಿದ್ದರೆ ಟ್ರೇಲರಿನ ಮೇಲೆ ಕೂತೇ ಕಾರು ಟೋಲು ಕಟ್ಟಿಬಿಡಬಹುದು! ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ, ಇಷ್ಟೂ ಕಡೆ ಕಾಕಾ ಅವರ ಖಾತೆಯಿಂದ ಹಣ ಹೋಗುವುದು ಹೀಗೆ ತಪ್ಪಿತು.

ಮೂರನೇ ದಿನ ಹುಬ್ಬಳ್ಳಿ ಬೈಪಾಸಿನ ಗಬ್ಬೂರ ಹತ್ತಿರ ಕಾರು ಇಳಿಯಿತು. ಮಾಮಾ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿದ್ದರು. ನನ್ನ ಮೇಲಿನ ನಂಬಿಕೆಗೆ ಅಷ್ಟು ಮಿತಿ ಇದ್ದದ್ದು ಒಳ್ಳೆಯದೇ. ಗೀರು ಹೊಸದೇನೂ ಇರಲಿಲ್ಲ.

ಈಗ ಲೆಕ್ಕ. ಕರ್ನಾಟಕದ ಜೀವಾವಧಿ ತೆರಿಗೆ ನಾವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ. ಗಾಡಿಗೆ ವಯಸ್ಸಾದಂತೆ ಅದರ ಪಾಲು ಇಳಿಯುತ್ತದೆ. ನಮಗೆ 58 ಸಾವಿರ ಬಂತು. ಟೈರು 22, ಸಾಗಾಟ 11, ವಿಮೆಯ ಹೆಸರು ಬದಲಾವಣೆ, ಹೊಸ ನಂಬರ್ ಪ್ಲೇಟು, ಬ್ಯಾಟರಿ, ಏಜೆಂಟು ಎಲ್ಲ ಸೇರಿ 17. ಒಟ್ಟು 5,48,000. ಇಂಥದೇ ಕಾರಿಗೆ ಹುಬ್ಬಳ್ಳಿಯಲ್ಲಿ 5,65,000 ಹೇಳಿದ್ದರು. ಉಳಿದದ್ದು 17 ಸಾವಿರ, ಅದರಲ್ಲಿ 7,500 ಆ ಮೂರು ವಾರದ ಬಾಡಿಗೆಗೆ ಹೋಯಿತು. ಬರೀ ದುಡ್ಡಿಗಾಗಿ ಪುಣೆಯಿಂದ ಕಾರು ತರಿಸಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಹುಬ್ಬಳ್ಳಿಯ ಆ ಕಾರಿನ ಹಿಂದಿನ ಏಳು ವರ್ಷ ಯಾರಿಗೂ ಗೊತ್ತಿರಲಿಲ್ಲ. ಇದರದ್ದು ಒಂದೊಂದು ಪಂಕ್ಚರ್ ಕೂಡ ಕಾಕೂಗೆ ನೆನಪಿದೆ. ವಾರಕ್ಕೊಮ್ಮೆ ಕಾಯಿಲೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅದು ಬೇಕಿತ್ತು.

ಎಂಎಚ್-12 ಹೋಗಿ ಕೆಎ-26 ಬಂದಿದೆ. ಹೊಸ ನೋಂದಣಿಯ ಪ್ರತಿಯನ್ನು ಕಾಕಾಗೆ ಕೊಟ್ಟಿದ್ದೇನೆ. ಗಾಡಿ ರಾಜ್ಯ ಬಿಟ್ಟುಹೋಗಿದ್ದಕ್ಕೆ ಮಹಾರಾಷ್ಟ್ರದಲ್ಲಿ ಕಟ್ಟಿದ್ದ ತೆರಿಗೆಯ ಒಂದು ಪಾಲು ವಾಪಸು ಕೇಳಬಹುದು. ಬಂದರೆ ಮಾಮಾಗೆ ಕಳಿಸುತ್ತೇನೆ ಎಂದಿದ್ದಾರೆ. ಅರ್ಜಿಯ ಫೈಲು ಹಿಡಿದು ಬರುವ ಮಂಗಳವಾರ ಅವರ ಜೊತೆ ಆರ್‌ಟಿಓಗೆ ಹೋಗಬೇಕು. ಈಗ ಅವರ ಹತ್ತಿರ ಕಾರಿಲ್ಲ, ನನ್ನ ಬೈಕಿನ ಮೇಲೆಯೇ ಹೋಗಬೇಕು.