ಪರದೆಯ ಮೇಲಿನ ಒತ್ತಕ್ಷರ

ಶ್ರಾವಣ ಮಾಸ ಬಂತೆಂದರೆ ಉರುಕುಂದದ ಹಾದಿಯಲ್ಲಿ ಭಾಷೆಗಳು ಬೆರೆತು ನಡೆಯುತ್ತವೆ. ನರಸಿಂಹಸ್ವರೂಪನೆಂದು ಪೂಜೆಗೊಳ್ಳುವ ಈರಣ್ಣಸ್ವಾಮಿಯ ದರ್ಶನಕ್ಕೆ ತುಂಗಭದ್ರೆಯ ಆಚೆಯ ರಾಯಚೂರು ಸೀಮೆಯಿಂದಲೂ ಪಡುವಣದ ಬಳ್ಳಾರಿ, ಸಿರುಗುಪ್ಪಗಳಿಂದಲೂ ಜನ ಬರುತ್ತಾರೆ. ತೆಂಗಿನಕಾಯಿ ಅಂಗಡಿಯವನು ಗಿರಾಕಿಯ ಮುಖ ನೋಡಿ ತೆಲುಗೋ ಕನ್ನಡವೋ ಎಂದು ತೀರ್ಮಾನಿಸುತ್ತಾನೆ. ತೀರ್ಮಾನ ತಪ್ಪಿದರೂ ವ್ಯಾಪಾರ ಕೆಡುವುದಿಲ್ಲ. ಜಾತ್ರೆಯ ಆ ತಿಂಗಳು ಕಳೆದ ಮೇಲೆ ಆದೋನಿಯ ಧ್ವನಿವರ್ಧಕ, ದೀಪಾಲಂಕಾರಗಳ ಅಂಗಡಿಯವರಿಗೆ ಸ್ವಲ್ಪ ಬಿಡುವು. ಹಾಗೆ ಬಿಡುವಾದ ಒಂದು ಡಿಜಿಟಲ್ ಪ್ರೊಜೆಕ್ಟರು ಕೌತಾಳಂ ಮಂಡಲದ ಒಂದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಗೆ ಒಂದು ಸಂಜೆಯ ಮಟ್ಟಿಗೆ ಬಂದು ಇಳಿಯಿತು.

ಈ ಸೀಮೆಯ ಕನ್ನಡ ಶಾಲೆಗಳ ಕಥೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪಠ್ಯದಲ್ಲಿ ಒಂದು ಸಾಲಾಗಿ ಮಾತ್ರ ಬರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ನಕ್ಷೆಯ ಗೆರೆ ಒಂದು ದಿನದಲ್ಲಿ ಸರಿಯಿತು. ಅಡುಗೆಮನೆಯ ಮಾತು ಸರಿಯಲಿಲ್ಲ. ಅಂದು ಒಂದನೆಯ ತರಗತಿಯಲ್ಲಿ ಕನ್ನಡದಲ್ಲಿ ಓನಾಮ ಬರೆದವರ ಮೊಮ್ಮಕ್ಕಳು ಇಂದು ಅದೇ ಶಾಲೆಯಲ್ಲಿ ಕೂತಿದ್ದಾರೆ, ಆದರೆ ವರ್ಷವರ್ಷಕ್ಕೂ ಕಡಿಮೆಯಾಗುತ್ತ. ಸುಗ್ಗಿ ಎಂದು ಗುಂಟೂರಿನ ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ತಂದೆತಾಯಿಗಳು ಅಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂತಿರುಗುತ್ತಾರೆ. ಅವರ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ತೆಲುಗಿನಲ್ಲಿ ಓದಿದರೆ ಸರಕಾರದ ಅರ್ಜಿ ಬರೆಯಬಹುದು, ಇಂಗ್ಲಿಷಿನಲ್ಲಿ ಓದಿದರೆ ಕಂಪ್ಯೂಟರು ನಡೆಸಬಹುದು, ಕನ್ನಡದಲ್ಲಿ ಓದಿದರೆ ಏನು?

ಆ ಶಾಲೆಯ ಕನ್ನಡ ಶಿಕ್ಷಕಿ ಪೋಷಕರ ಸಭೆ ಕರೆದದ್ದು ಈ ಪ್ರಶ್ನೆಗಾಗಿಯೇ. ಉತ್ತರವನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಬೆಳಕಿನಲ್ಲಿ ತೋರಿಸಬೇಕೆಂದು ಆಕೆ ನಿಶ್ಚಯಿಸಿದ್ದರು. ಮಕ್ಕಳೇ ಬರೆದ ಹನ್ನೊಂದು ಸಾಲು, ಹಳ್ಳಿಯ ಬಾವಿ, ಗುಡಿ, ಹೊಲಗಳ ಕೆಲವು ಚಿತ್ರ, ಶಾಲೆಯ ಹಳೆಯ ದಾಖಲಾತಿ ಪುಸ್ತಕದ ನಾಲ್ಕಾರು ಪುಟಗಳ ಛಾಯಾಚಿತ್ರ, ಇಷ್ಟೇ ಸಾಮಗ್ರಿ. ಕನ್ನಡವೂ ಯಂತ್ರದಲ್ಲಿ ಓಡುತ್ತದೆ ಎಂಬುದನ್ನು ಊರು ಕಣ್ಣಾರೆ ಕಾಣಬೇಕು. ಅಷ್ಟಾದರೆ ಸಾಕು ಎಂಬುದು ಅವರ ಲೆಕ್ಕ.

ಸಂಜೆಯನ್ನು ಆರಿಸಿದ್ದರಲ್ಲಿ ಎರಡು ಜಾಣತನಗಳಿದ್ದವು. ಹೊಲದಿಂದ ಜನ ಮರಳುವುದು ಆಗಲೇ. ಪ್ರೊಜೆಕ್ಟರಿಗೆ ಬೇಕಾದ ಕತ್ತಲೆ ಕವಿಯುವುದೂ ಆಗಲೇ. 3000 ಲ್ಯೂಮೆನ್ ಎಂದು ಡಬ್ಬಿಯ ಮೇಲೆ ಬರೆದ ಯಂತ್ರವೂ ಹಗಲಿನ ಅಂಗಳದಲ್ಲಿ ಸೋಲುತ್ತದೆ. ಕಾರಣ ಸರಳ. ಪ್ರೊಜೆಕ್ಟರು ಬಿಳುಪನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಪರದೆಯ ಮೇಲೆ ನಾವು ಕಪ್ಪು ಅಕ್ಷರವೆಂದು ಓದುವುದು ಬೆಳಕು ಬೀಳದೆ ಉಳಿದ ಜಾಗವನ್ನು. ಆ ಜಾಗದ ಮೇಲೆ ಸೂರ್ಯನೋ ಟ್ಯೂಬ್‌ಲೈಟೋ ಬಿದ್ದರೆ ಅಕ್ಷರ ಅಳಿಯುತ್ತದೆ. ಕಾಲೇಜಿನ ವಿಚಾರ ಸಂಕಿರಣಗಳಲ್ಲಿ ಕಿಟಕಿ ತೆರೆದಿಟ್ಟು, ತೆಳು ಹಳದಿ ಅಕ್ಷರಗಳನ್ನು ಬಿಳಿಯ ಮೇಲೆ ಬರೆದು, ಕಾಣುತ್ತಿಲ್ಲವೆಂದು ಯಂತ್ರವನ್ನು ಬೈಯುವವರು ಇದನ್ನು ಒಮ್ಮೆ ಯೋಚಿಸಬೇಕು.

ಯಂತ್ರದೊಡನೆ ಬಂದವನು ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗ. ಮನೆಮಾತು ತೆಲುಗು, ಜಾತ್ರೆಯಲ್ಲಿ ಕೇಳಿ ಕಲಿತ ಕನ್ನಡ. ಶಾಲೆಯ ಜಗಲಿಯ ಎರಡು ಕಂಬಗಳ ನಡುವೆ ಬಿಳಿಯ ಬಟ್ಟೆಯನ್ನು ಬಿಗಿದು ಕಟ್ಟಿಸಿದ. ಅದರ ಅಗಲ ಆರಡಿ. ಹೆಜ್ಜೆ ಅಳೆದು ಹನ್ನೆರಡು ಅಡಿ ದೂರಕ್ಕೆ ಮೇಜು ಇರಿಸಿದ. ಅವನು ತಂದ ಯಂತ್ರಕ್ಕೆ ಪರದೆಯ ಅಗಲದ ಎರಡರಷ್ಟು ದೂರ ಬೇಕು. ಬೇರೆ ಯಂತ್ರಗಳಿಗೆ ಬೇರೆ ಲೆಕ್ಕ. ಶಾಲೆಯ ಮುಖ್ಯೋಪಾಧ್ಯಾಯರು ಮೇಜನ್ನು ಬದಿಗೆ ಸರಿಸಲು ಹೇಳಿದರು, ಜನರಿಗೆ ಅಡ್ಡವಾಗುತ್ತದೆ ಎಂದು. ಹುಡುಗ ಒಪ್ಪಲಿಲ್ಲ. "ಪಕ್ಕಕ್ಕಿಟ್ಟರೆ ಬೊಮ್ಮೆ ಸೊಟ್ಟ ಆಗ್ತದೆ ಸಾರ್. ಮಿಷನ್ನಲ್ಲಿ ಸರಿ ಮಾಡಬಹುದು, ಆದ್ರೆ ಅಕ್ಷರ ಮಸುಕಾಗ್ತದೆ." ಅವನ ಮಾತು ನಿಜ. ಓರೆಯಾಗಿ ಬಿದ್ದ ಚಿತ್ರವನ್ನು ಯಂತ್ರದೊಳಗಿನ ಕೀಸ್ಟೋನ್ ಸೌಲಭ್ಯದಿಂದ ನೇರ ಮಾಡಬಹುದು. ಆದರೆ ಅದು ಚಿತ್ರದ ಬಿಂದುಗಳನ್ನೇ ಹಿಂಡಿ ಕುಗ್ಗಿಸಿ ಮಾಡುವ ಕೆಲಸ. ರೋಮನ್ ಅಕ್ಷರ ಆ ಹಿಂಡುವಿಕೆಯನ್ನು ಹೇಗೋ ತಾಳಿಕೊಳ್ಳುತ್ತದೆ. ಕೊಂಬು, ದೀರ್ಘ, ಒತ್ತು, ವಟ್ರಸುಳಿಗಳನ್ನು ಹೊತ್ತ ಕನ್ನಡದ ಅಕ್ಷರ ತಾಳುವುದಿಲ್ಲ. ಮೇಜು ನಡುವೆಯೇ ನಿಂತಿತು, ಜನ ಎರಡು ಪಾಲಾಗಿ ಕೂತರು.

ಬೆಳಕು ಹತ್ತಿತು. ಮೊದಲು ಬಿದ್ದದ್ದು ಉರುಕುಂದದ ಗುಡಿಯ ಚಿತ್ರ, ಎಲ್ಲರೂ ಕೈಮುಗಿದರು. ಗೋಪುರದ ಎಡಕ್ಕಿರಬೇಕಾದ ಮರ ಬಲಕ್ಕಿದ್ದುದನ್ನು ಒಬ್ಬ ಹುಡುಗಿ ಮಾತ್ರ ಗಮನಿಸಿದಳು. ಜಾತ್ರೆಯಲ್ಲಿ ಆ ಯಂತ್ರವನ್ನು ಪರದೆಯ ಹಿಂದೆ ಇಟ್ಟು ಓಡಿಸಿದ್ದರಂತೆ. ಹಿಂದಿನಿಂದ ಬಿಟ್ಟ ಬೆಳಕನ್ನು ಮುಂದಿನವರು ನೋಡುವಾಗ ಎಡಬಲ ಅದಲುಬದಲಾಗುತ್ತದೆ. ಆದ್ದರಿಂದ ಯಂತ್ರಕ್ಕೇ ಚಿತ್ರವನ್ನು ತಿರುಗಿಸಿ ಬಿಡಲು ಹೇಳಿರುತ್ತಾರೆ. ಆ ಏರ್ಪಾಡು ಹಾಗೆಯೇ ಉಳಿದಿತ್ತು. ಹುಡುಗ ನಾಲಿಗೆ ಕಚ್ಚಿಕೊಂಡು ಮೆನು ತೆರೆದು ಸರಿಪಡಿಸಿದ.

ಪರದೆಯ ಹಿಂದೆ ದೀಪವಿಡುವುದು ಈ ಸೀಮೆಗೆ ಹೊಸದಲ್ಲ. ಹರಳೆಣ್ಣೆಯ ದೀಪದ ಮುಂದೆ ಬಣ್ಣದ ತೊಗಲುಗೊಂಬೆಗಳನ್ನು ಕುಣಿಸಿದ ಕಿಳ್ಳೇಕ್ಯಾತರು ಬಳ್ಳಾರಿ, ರಾಯಚೂರು ಸೀಮೆಗಳ ಊರೂರುಗಳಲ್ಲಿ ಆಡಿದವರು. ಆ ಸಮುದಾಯದ ಮನೆಮಾತು ಮರಾಠಿಯ ಒಂದು ರೂಪ; ಪರದೆಯ ಮುಂದಿನವರಿಗೆ ಹೇಳುವ ರಾಮಾಯಣ ಮಾತ್ರ ಕನ್ನಡದ್ದು, ಆಂಧ್ರದ ಒಳಗೆ ಹೋದರೆ ತೆಲುಗಿನದು. ಹಿಂದೆ ಒಂದು ಭಾಷೆ, ಮುಂದೆ ಒಂದು ಭಾಷೆ, ನಡುವೆ ಒಂದು ಪಂಚೆ. ಅವರಿಗೆ ಎಡಬಲದ ತೊಡಕು ಇರಲಿಲ್ಲ. ರಾಮ ಯಾವ ಕಡೆ ಮುಖ ಮಾಡಿದರೂ ರಾಮನೇ. ಮಹಾರಾಷ್ಟ್ರದಲ್ಲಿ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು 1890ರ ದಶಕದಲ್ಲಿ 'ಶಾಂಬರಿಕ ಖರೋಲಿಕಾ' ಎಂಬ ಹೆಸರಿನಿಂದ ಗಾಜಿನ ಚಿತ್ರಗಳನ್ನು ದೀಪದ ಮುಂದೆ ಹಾಯಿಸಿ ಪುರಾಣ ತೋರಿಸಿದಾಗಲೂ ಪರದೆಯ ಮೇಲೆ ಇದ್ದದ್ದು ಚಿತ್ರ, ಕಥೆ ಬಾಯಲ್ಲಿ ಇತ್ತು. ಪರದೆಯ ಮೇಲೆ ಅಕ್ಷರ ಬಂದಾಗಲೇ ಎಡಬಲ, ಮೇಲುಕೆಳಗುಗಳ ಪಂಚಾಯಿತಿ ಶುರುವಾದದ್ದು.

ಅಂದಿನ ನಿಜವಾದ ಪಂಚಾಯಿತಿ ಆಮೇಲೆ ಬಂತು. ಮಕ್ಕಳ ಹನ್ನೊಂದು ಸಾಲಿನ ಪುಟ ತೆರೆದಾಗ ಪರದೆಯ ತುಂಬ ರೋಮನ್ ಅಕ್ಷರಗಳು. ನಡುನಡುವೆ ನೆತ್ತಿಯ ಮೇಲೆ ಚುಕ್ಕೆ, ಗೀಟು ಹೊತ್ತ ಯೂರೋಪಿನ ಸ್ವರಗಳು, ಎಲ್ಲಿಯದೋ ನಾಣ್ಯದ ಗುರುತು. ಒಂದು ಕನ್ನಡ ಅಕ್ಷರವೂ ಇಲ್ಲ. ಶಿಕ್ಷಕಿ ಮನೆಯಲ್ಲಿ ಬರೆದದ್ದು ಹಳೆಯ 'ನುಡಿ' ಅಕ್ಷರವಿನ್ಯಾಸದಲ್ಲಿ. ಹುಡುಗನ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬ ತಂದೆ, ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಬಂದವನು, ವ್ಯಂಗ್ಯವಿಲ್ಲದೆ, ತನಗೆ ತಿಳಿದಿದ್ದುದು ಖಚಿತವಾಯಿತೆಂಬ ಧ್ವನಿಯಲ್ಲಿ ಹೇಳಿದ. "ಮೇಡಂ, ನಮ್ಮ ಕನ್ನಡ ಮಿಷನ್ನಿಗೆ ಹತ್ತಲ್ಲ ಅಂದಂಗಾತಲ್ರೀ."

ಆ ಮಾತಿಗೆ ಆಕೆಯ ಬಳಿ ಉತ್ತರವಿತ್ತು, ಆದರೆ ಸಭೆಯಲ್ಲಿ ಹೇಳುವಂಥದ್ದಲ್ಲ. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ವಿನ್ಯಾಸಗಳಲ್ಲಿ ರೋಮನ್ ಲಿಪಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಅಕ್ಷರ, ಅಕ್ಷರದ ತುಣುಕುಗಳನ್ನು ಕೂರಿಸಲಾಗಿತ್ತು. ಬೇರೆ ದಾರಿ ಇಲ್ಲದ ಕಾಲದ ಉಪಾಯ ಅದು. ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಕನ್ನಡವನ್ನು ಉಳಿಸಿದ ಉಪಾಯವೂ ಹೌದು. ಆದರೆ ಆ ವಿನ್ಯಾಸವಿಲ್ಲದ ಗಣಕಕ್ಕೆ ಕಡತ ಹೋದರೆ ವೇಷ ಕಳಚಿ ಒಳಗಿನ ರೋಮನ್ ಹೊರಬೀಳುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತದ 128 ಸ್ಥಾನಗಳ ಒಂದು ಕೇರಿ ಇದೆ; ಅಲ್ಲಿ ಬರೆದದ್ದು ಯಾವ ಊರಿನ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ. ಆ ಕೇರಿ ಶುರುವಾಗುವುದು ತೆಲುಗಿನ ಕೇರಿ ಮುಗಿದ ಮರುಮನೆಯಿಂದಲೇ. ನುಡಿಯ ಈಚಿನ ಆವೃತ್ತಿಗಳೂ ಯುನಿಕೋಡ್‌ನಲ್ಲಿ ಬರೆಯಲು ಬಿಡುತ್ತವೆ. ಪ್ರಬಂಧ ಒಪ್ಪಿಸುವ ಮುನ್ನಾದಿನ ಕಡತ ಹೊತ್ತು ಅಂಗಡಿಯಿಂದ ಅಂಗಡಿಗೆ ಅಲೆಯುವ ವಿದ್ಯಾರ್ಥಿಗಳು ಈ ಒಂದು ಪ್ಯಾರಾವನ್ನು ಎರಡು ಸಲ ಓದಿದರೆ ನಷ್ಟವಿಲ್ಲ.

ಗುಡಿಯ ಮರವನ್ನು ಗುರುತಿಸಿದ್ದ ಏಳನೆಯ ತರಗತಿಯ ಆ ಹುಡುಗಿಯೇ ಎದ್ದು ಬಂದಳು. ಹನ್ನೊಂದು ಸಾಲಿನಲ್ಲಿ ಮೂರು ಅವಳವೇ, ಉಳಿದವೂ ಬಾಯಿಪಾಠ. ಶಿಕ್ಷಕಿಯ ಫೋನಿನಲ್ಲಿ ಬರೆಯುತ್ತೇನೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಕಳಿಸೋಣ ಎಂದಳು. ಫೋನಿನ ಕನ್ನಡ ಯುನಿಕೋಡ್ ಕನ್ನಡ. ಅವಳು ಮೂಲೆಯಲ್ಲಿ ಕೂತು ಹೆಬ್ಬೆರಳಿನಿಂದ ಬರೆಯತೊಡಗಿದಳು.

ಅಷ್ಟು ಹೊತ್ತು ಜನರನ್ನು ಕೂರಿಸುವುದು ಹೇಗೆ? ಹುಡುಗ ಕಡತದ ಉಳಿದ ಪುಟಗಳನ್ನು ಸುಮ್ಮನೆ ಸರಿಸುತ್ತ ಹೋದ. ಚಿತ್ರಗಳಿಗೆ ಅಕ್ಷರವಿನ್ಯಾಸದ ಹಂಗಿಲ್ಲ. ದಾಖಲಾತಿ ಪುಸ್ತಕದ ಹಳದಿಗಟ್ಟಿದ ಪುಟ ಆರಡಿ ಅಗಲವಾಗಿ ಬಟ್ಟೆಯ ಮೇಲೆ ನಿಂತಿತು. ಯಾರೋ ಮೇಷ್ಟ್ರು ಉಕ್ಕಿನ ಮೊನೆಯ ಲೇಖನಿಯಿಂದ, ನೀಲಿಶಾಯಿಯಲ್ಲಿ, ಗುಂಡಗೆ ಬರೆದ ಕನ್ನಡ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಕಸಬು, ಊರು. ಶಿಕ್ಷಕಿ ಇದನ್ನು ಕೊನೆಯಲ್ಲಿ ಒಂದು ನಿಮಿಷ ತೋರಿಸಲೆಂದು ಇಟ್ಟುಕೊಂಡಿದ್ದರು.

ಹಿಂದಿನಿಂದ ಒಬ್ಬ ಮುದುಕ ಎದ್ದು ಮುಂದೆ ಬಂದ. ಬೆಳಕಿನ ದಾರಿಗೆ ಅಡ್ಡವಾಗಿ ನಿಂತದ್ದರಿಂದ ಅವನ ರುಮಾಲಿನ ನೆರಳು ಅರ್ಧ ಪುಟವನ್ನು ನುಂಗಿತು. "ಬಗ್ಗು ತಾತಾ" ಎಂದು ಹುಡುಗರು ಕೂಗಿದರು. ಅವನು ಬಗ್ಗಿ, ಬಟ್ಟೆಯ ಹತ್ತಿರ ಹೋಗಿ, ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟ. ಅದು ಅವನ ಅಣ್ಣನ ಹೆಸರು. ಮುಂದಿನ ಸಾಲನ್ನು ಒಬ್ಬಾಕೆ ಗಟ್ಟಿಯಾಗಿ ಓದಿದಳು. ಅದರ ಮುಂದಿನದನ್ನು ಇನ್ನೊಬ್ಬ. ಹೆಸರು ಕೂಗಿದ ಹಾಗೆಲ್ಲ ಗುಂಪಿನಲ್ಲಿ ಯಾರಾದರೂ "ಅದು ನಮ್ಮ ಮುತ್ತ್ಯಾಂದು" ಎನ್ನುವರು. ಸೆಂಟ್ರಿಂಗ್ ಕೆಲಸದ ತಂದೆಯೂ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ. ಸಿಕ್ಕಿತೋ ಇಲ್ಲವೋ, ಅವನು ಹೇಳಲಿಲ್ಲ.

ಆ ಬೆಳಕು ಬರುತ್ತಿದ್ದುದು ಉಗುರಿನಷ್ಟು ಅಗಲದ ಒಂದು ಚಿಪ್ಪಿನಿಂದ. ಅದರ ಮೇಲೆ 1024 ಸಾಲು, 768 ಸಾಲುಗಳ ಲೆಕ್ಕದಲ್ಲಿ 7,86,432 ಕನ್ನಡಿಗಳು. ಒಂದೊಂದೂ ತಲೆಗೂದಲಿನ ದಪ್ಪಕ್ಕಿಂತ ಚಿಕ್ಕದು, ಸೆಕೆಂಡಿಗೆ ಸಾವಿರಾರು ಸಲ ಓಲಾಡುವಂಥದ್ದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನು ರೂಪಿಸಿದಾಗ, ಅದು ಒಂದು ದಿನ ಮೇಷ್ಟ್ರ ಕೈಬರಹವನ್ನು ಹತ್ತಿಬೆಳೆಯುವ ಊರಿನ ಜಗಲಿಗೆ ತರುವುದೆಂದು ಎಣಿಸಿರಲಾರ.

ಹನ್ನೊಂದು ಸಾಲು ಸಿದ್ಧವಾಗಿ ಪರದೆಗೆ ಬಂದಾಗ ಜನರಲ್ಲಿ ಹಳೆಯ ಹೆಸರುಗಳ ಮಾತು ಇನ್ನೂ ನಿಂತಿರಲಿಲ್ಲ. ಆದರೂ ಮಕ್ಕಳು ಒಕ್ಕೊರಲಿನಿಂದ ಓದಿದರು. ಕೊನೆಯ ಸಾಲು ಬಟ್ಟೆಯ ಕೆಳಗಿನ ಮಡಿಕೆಯಲ್ಲಿ ಬಿದ್ದು ಒತ್ತುಗಳೆಲ್ಲ ಮಾಯವಾಗಿದ್ದವು. 'ನಮ್ಮ ಶಾಲೆ ಕನ್ನಡ ಶಾಲೆ' ಎಂಬುದು 'ನಮ ಶಾಲೆ ಕನಡ ಶಾಲೆ' ಎಂದಾಗಿತ್ತು. ಸಣ್ಣ ಮಕ್ಕಳು ಕಂಡದ್ದನ್ನು ಕಂಡಂತೆಯೇ ಓದಿದರು, ದೊಡ್ಡವರು ನಕ್ಕರು, ಬರೆದ ಹುಡುಗಿ ಮಾತ್ರ ನಗಲಿಲ್ಲ. "ಅಣ್ಣಾ, ಒತ್ತು ಕಾಣವಲ್ದು, ಮ್ಯಾಲೆತ್ತು" ಎಂದಳು. ತೆಲುಗಿನಲ್ಲಿಯೂ ಒತ್ತು ಒತ್ತೇ, ಹುಡುಗನಿಗೆ ವಿವರಿಸಬೇಕಾಗಲಿಲ್ಲ. ಯಂತ್ರದ ಮುಂಗಾಲಿನ ತಿರುಪನ್ನು ಎರಡು ಸುತ್ತು ತಿರುಗಿಸಿದ. ಚಿತ್ರ ಮೇಲಕ್ಕೆ ಸರಿಯಿತು, ಮೇಲಂಚು ಸ್ವಲ್ಪ ಅಗಲವಾಗಿ ಸೊಟ್ಟಗಾಯಿತು, ಮ ಮತ್ತು ನ ಎರಡೂ ತಮ್ಮ ತಮ್ಮ ಅಕ್ಷರಗಳ ಕೆಳಗೆ ಬಂದು ಕೂತವು.

ಸಭೆ ಮುಗಿದು ಜನ ಎದ್ದರು. ಯಾರೂ ಯಾವ ಮಾತನ್ನೂ ಕೊಡಲಿಲ್ಲ. ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರುತ್ತಾರೆಂಬುದು ಜೂನ್ ತಿಂಗಳಲ್ಲಿಯೇ ತಿಳಿಯುವ ವಿಷಯ. ಮುದುಕ ಮಾತ್ರ ಶಿಕ್ಷಕಿಯ ಬಳಿ ಬಂದು, ಆ ಪುಟವನ್ನು ಒಂದು ಕಾಗದದ ಮೇಲೆ ತೆಗೆಸಿಕೊಡಲು ಎಷ್ಟಾಗುತ್ತದೆಂದು ವಿಚಾರಿಸಿದ. ಜವಾನ ದೀಪ ಹಾಕಿ ಪ್ಲಗ್ ಕೀಳಲು ಹೋದ. ಹುಡುಗ ಓಡಿಬಂದು ಕೈ ಹಿಡಿದ. ಬಲ್ಬು ಇನ್ನೂ ಕಾದಿತ್ತು. ಒಳಗಿನ ಫ್ಯಾನು ಅದನ್ನು ಆರಿಸುವವರೆಗೆ ವಿದ್ಯುತ್ತು ತೆಗೆಯಬಾರದು, ತೆಗೆದರೆ ಬಲ್ಬಿನ ಆಯುಸ್ಸು ಕಡಿಮೆಯಾಗುತ್ತದೆ. ಇಬ್ಬರೂ ಮೇಜಿನ ಪಕ್ಕ ನಿಂತು ಫ್ಯಾನು ನಿಲ್ಲುವುದನ್ನೇ ಕಾಯುತ್ತಿದ್ದರು. ಕಂಬದ ಬಳಿ ಆ ಹುಡುಗಿ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು.